ಗುಲಾಮಗಿರಿಯನ್ನು ಹೊಗಳಿದ ಕಾದಂಬರಿಗಳು: ತರಗತಿಯಲ್ಲಿ ಓದಿಸಬೇಕೇ?

1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ, ಗುಲಾಮಗಿರಿಯನ್ನು ವಿರೋಧಿಸುವ ಕಾದಂಬರಿ 'ಅಂಕಲ್ ಟಾಮ್ಸ್ ಕ್ಯಾಬಿನ್' ಪುಸ್ತಕವಾಗಿ ಬಂತು. ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಮೂರು ಲಕ್ಷ ಪ್ರತಿ ಖರ್ಚಾದವು. ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ರಾಜ್ಯಗಳಿಗೆ ಮೈಯೆಲ್ಲ ಉರಿದುಹೋಯಿತು. 1861ರಲ್ಲಿ ಅಂತರ್ಯುದ್ಧ ಶುರುವಾಗುವ ಹೊತ್ತಿಗೆ ಸ್ಟೋವ್ ಪುಸ್ತಕಕ್ಕೆ ಉತ್ತರ ಕೊಡಲೆಂದೇ ಬರೆದ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು ಬಂದಿದ್ದವು. ಹತ್ತಿ ತೋಟದಲ್ಲಿ ಗುಲಾಮರು ಸುಖವಾಗಿದ್ದಾರೆ, ಒಡೆಯ ತಂದೆಯಂತೆ ಸಾಕುತ್ತಾನೆ ಅನ್ನುವುದೇ ಅವುಗಳ ಕಥೆ. ಅಮೆರಿಕನ್ ಸಾಹಿತ್ಯ ಕಲಿಯುವ ಮಕ್ಕಳಿಗೆ ಇವನ್ನೂ ಓದಿಸಬೇಕೇ? ಎರಡೂ ಕಡೆಯ ಮಾತನ್ನು ಇಲ್ಲಿ ಬರೆದಿದ್ದೇನೆ. ನನ್ನ ಮನಸ್ಸು ಎರಡನೆಯ ಕಡೆಗೇ ಜಾಸ್ತಿ ವಾಲುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪರ: ಓದಿಸಲೇಬೇಕು

ಸುಳ್ಳು ಹೇಳುವವರು ಯಾವಾಗಲೂ ಕಟುಕರ ಹಾಗೆ ಕಾಣುವುದಿಲ್ಲ. ಕ್ಯಾರೊಲಿನ್ ಲೀ ಹೆಂಟ್ಸ್ ಹುಟ್ಟಿದ್ದು ಉತ್ತರದ ಮ್ಯಾಸಚೂಸೆಟ್ಸ್‌ನಲ್ಲಿ. ಸಿನ್ಸಿನಾಟಿಯಲ್ಲಿದ್ದಾಗ ಸ್ಟೋವ್ ಹೋಗುತ್ತಿದ್ದ ಸಾಹಿತ್ಯ ಕೂಟಕ್ಕೇ ಆಕೆಯೂ ಹೋಗುತ್ತಿದ್ದರು. ಅದೇ ಹೆಂಟ್ಸ್ 1854ರಲ್ಲಿ 'ದ ಪ್ಲಾಂಟರ್ಸ್ ನಾರ್ದರ್ನ್ ಬ್ರೈಡ್' ಬರೆದರು. ಗುಲಾಮಗಿರಿಯನ್ನು ವಿರೋಧಿಸುವವನ ಮಗಳು ದಕ್ಷಿಣದ ತೋಟದ ಒಡೆಯನನ್ನು ಮದುವೆಯಾಗಿ ಅವನ ಮನೆ ಸೇರುವ ಕಥೆ ಅದು. ಒಂದೇ ಕೋಣೆಯಲ್ಲಿ ಕೂತು ಹರಟಿದ ಇಬ್ಬರು ಹೆಂಗಸರು ಇಷ್ಟು ದೂರ ಹೋದದ್ದು ಹೇಗೆ? ಎರಡೂ ಪುಸ್ತಕ ಓದದೆ ಇದಕ್ಕೆ ಉತ್ತರ ಹುಡುಕಲು ಆಗುವುದಿಲ್ಲ.

ಹೆಂಟ್ಸ್ ಆ ಸುಳ್ಳನ್ನು ಕಟ್ಟಿದ ರೀತಿ ನೋಡಿ. ಉತ್ತರದಲ್ಲಿ ಕೂಲಿ ಮಾಡುವ ಬಡವರು ಕಾಯಿಲೆ ಬಿದ್ದರೆ ಕೇಳುವವರಿಲ್ಲ, ಕೆಲಸವೂ ಹೋಗುತ್ತದೆ, ನಮ್ಮ ಗುಲಾಮರಿಗೆ ಆ ಚಿಂತೆಯಿಲ್ಲ ಅನ್ನುವುದು ಆಕೆಯ ವಾದ. ಈ ಬಗೆಯ ಹಲವು ಕಾದಂಬರಿಗಳಲ್ಲಿ ಇದು ಬರುತ್ತದೆ. ಇದರಲ್ಲಿ ಮೊದಲ ಅರ್ಧ ನಿಜ. ಆ ಕಾಲದ ಗಿರಣಿ ಕೂಲಿಗಳ ಪಾಡು ನಿಜವಾಗಿಯೂ ಕೆಟ್ಟದಾಗಿತ್ತು. ಆ ನಿಜದ ಮೇಲೆಯೇ ಸುಳ್ಳಿನ ಗೋಡೆ ಎದ್ದಿದೆ. ಬರೀ ಸುಳ್ಳಾಗಿದ್ದರೆ ಯಾರು ನಂಬುತ್ತಿದ್ದರು? ಎಲ್ಲಿಯವರೆಗೆ ನಿಜ, ಎಲ್ಲಿಂದ ಸುಳ್ಳು ಅಂತ ಬೆರಳಿಟ್ಟು ತೋರಿಸುವುದನ್ನು ಮಕ್ಕಳು ಕಲಿಯಬೇಕು. ಅದಕ್ಕೆ ಪುಸ್ತಕ ಕೈಯಲ್ಲಿರಬೇಕು.

ಅದೇ ಕಾದಂಬರಿಯಲ್ಲಿ ಕ್ರಿಸ್ಸಿ ಅನ್ನುವ ಗುಲಾಮ ಹೆಂಗಸು ಇದ್ದಾಳೆ. ಉತ್ತರದವರ ಮಾತು ಕೇಳಿ ಓಡಿಹೋಗಿ, ಆಮೇಲೆ ಪಶ್ಚಾತ್ತಾಪ ಪಡುತ್ತಾಳೆ. ಓಡಿಹೋಗುವುದು ಅವಳದೇ ಆಸೆ ಆಗಿರಬಹುದು ಅನ್ನುವುದನ್ನು ಕಥೆ ಒಪ್ಪುವುದೇ ಇಲ್ಲ. ಯಾರೋ ತಲೆ ಕೆಡಿಸಿರಬೇಕು, ಅಷ್ಟೇ. ಇದಕ್ಕೆ ಮೂರು ವರ್ಷ ಮೊದಲು, 1851ರಲ್ಲಿ, ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ದಕ್ಷಿಣದ ಡಾಕ್ಟರ್ ಗುಲಾಮರು ಓಡಿಹೋಗುವುದು ಒಂದು ಮನೋರೋಗ ಅಂತ ಬರೆದು, ಅದಕ್ಕೆ 'ಡ್ರೆಪಟೊಮೇನಿಯಾ' ಅಂತ ಹೆಸರೂ ಇಟ್ಟಿದ್ದ. ಡಾಕ್ಟರ್ ಹೇಳಿದ್ದೂ ಕಾದಂಬರಿ ಹೇಳಿದ್ದೂ ಒಂದೇ. ಇವನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ಸಮಾಜ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ಬಗೆ ಕಣ್ಣಿಗೆ ಕಟ್ಟುತ್ತದೆ.

'ಮನೆ ಮಗನ ತರಾ ನೋಡ್ಕೊಂಡ್ವಿ, ಆದ್ರೂ ಬಿಟ್ಟು ಹೋದ' ಅನ್ನುವ ಮಾತು ನಾವೂ ಕೇಳಿದ್ದೇವೆ, ಅಲ್ವಾ? ಮನೆಗೆಲಸಕ್ಕೆ ಚಿಕ್ಕ ಹುಡುಗನನ್ನು ಇಟ್ಟುಕೊಂಡವರು, ಅವನು ಊರಿಗೆ ಓಡಿಹೋದ ಮೇಲೆ, ಬಹಳ ನೊಂದುಕೊಂಡು ಆಡುವ ಮಾತು ಅದು. ಹೆಂಟ್ಸ್ ಓದುವಾಗ ನನ್ನ ಕಿವಿಯಲ್ಲಿ ಅದೇ ದನಿ ಇತ್ತು.

ಈ ಕಥೆಗಳು ಯುದ್ಧದೊಂದಿಗೆ ಸಾಯಲಿಲ್ಲ ಅನ್ನುವುದನ್ನೂ ನೆನಪಿಡಬೇಕು. ಬಿಳಿ ಕಂಬದ ದೊಡ್ಡ ಮನೆ, ನಗುನಗುತ್ತಾ ಓಡಾಡುವ ಕಪ್ಪು ಸೇವಕರು, ಇವು 1939ರ 'ಗಾನ್ ವಿತ್ ದ ವಿಂಡ್' ಸಿನಿಮಾದವರೆಗೂ ಬಂದವು. ಬೇರು ಗೊತ್ತಿಲ್ಲದವರಿಗೆ ಅದು ಚೆಂದದ ಸೀನರಿ ಮಾತ್ರ.

ವಿರೋಧ: ಬೇಡ, ಆ ಜಾಗ ಬೇರೆಯವರದು

ಒಂದು ಸೆಮಿಸ್ಟರ್‌ಗೆ ಎಷ್ಟು ಪುಸ್ತಕ ಹಿಡಿಸುತ್ತವೆ? ನಾಲ್ಕು, ಹೆಚ್ಚೆಂದರೆ ಐದು. ಅದರಲ್ಲಿ ಒಂದನ್ನು ಹೆಂಟ್ಸ್‌ಗೆ ಕೊಟ್ಟರೆ ಇನ್ನೊಬ್ಬರನ್ನು ಹೊರಗೆ ಕಳಿಸಬೇಕು. ಯಾರನ್ನು?

ಸ್ಟೋವ್ ಒಂದು ಕಡೆ, ಹೆಂಟ್ಸ್ ಇನ್ನೊಂದು ಕಡೆ ಅಂತ ಪಠ್ಯ ಮಾಡಿದರೆ ಮಕ್ಕಳಿಗೆ ಅದು ಚರ್ಚಾಸ್ಪರ್ಧೆಯ ಹಾಗೆ ಕಾಣುತ್ತದೆ. ಅಲ್ಲಿ ನಡೆದದ್ದು ಚರ್ಚೆಯೇ ಅಲ್ಲ. 1857ರಲ್ಲಿ ಮೇರಿಲ್ಯಾಂಡ್‌ನಲ್ಲಿ ಸ್ಯಾಮ್ಯುಯೆಲ್ ಗ್ರೀನ್ ಎಂಬ ಕಪ್ಪು ಧರ್ಮಬೋಧಕನ ಮನೆಯನ್ನು ಅಧಿಕಾರಿಗಳು ಜಾಲಾಡಿದರು. ಅವನು ಗುಲಾಮನಾಗಿ ಹುಟ್ಟಿ ಬಿಡುಗಡೆ ಪಡೆದವನು. ಮನೆಯಲ್ಲಿ 'ಅಂಕಲ್ ಟಾಮ್ಸ್ ಕ್ಯಾಬಿನ್' ಸಿಕ್ಕಿತು. ಆ ಪುಸ್ತಕ ಇಟ್ಟುಕೊಂಡದ್ದಕ್ಕೆ ಹತ್ತು ವರ್ಷ ಜೈಲು. 1862ರಲ್ಲಿ ಬಿಟ್ಟರು. ಉತ್ತರ ಕೊಟ್ಟ ಕಾದಂಬರಿಗಳನ್ನು ಇಟ್ಟುಕೊಂಡವರಿಗೆ ಇಂಥ ಭಯ ಇತ್ತೇ? ಅವುಗಳಲ್ಲಿ ಹಲವು ಉತ್ತರದ ಫಿಲಡೆಲ್ಫಿಯಾದಲ್ಲೇ ಅಚ್ಚಾಗಿ ನಿರಾಳವಾಗಿ ಮಾರಾಟವಾಗುತ್ತಿದ್ದವು.

ಮೇರಿ ಈಸ್ಟ್‌ಮನ್ 1852ರಲ್ಲೇ ಬರೆದ 'ಆಂಟ್ ಫಿಲಿಸ್ ಕ್ಯಾಬಿನ್' ತಗೊಳ್ಳಿ. ಫಿಲಿಸ್ ಎಂಬ ಗುಲಾಮ ಹೆಂಗಸನ್ನು ಉತ್ತರದವರು ಬಿಡಿಸುತ್ತೇವೆ ಅಂದರೆ, ಅವಳೇ ಬೇಡ ಅನ್ನುತ್ತಾಳೆ. ಈ 'ಬೇಡ'ವನ್ನು ಬರೆದದ್ದು ವರ್ಜೀನಿಯಾದಲ್ಲಿ ಹುಟ್ಟಿದ ಬಿಳಿಯ ಹೆಂಗಸು. ಅದೇ ವರ್ಜೀನಿಯಾ ಕಪ್ಪು ಜನರನ್ನು ಸೇರಿಸಿ ಓದುಬರಹ ಕಲಿಸುವುದನ್ನು 1831ರಲ್ಲಿ ಕಾನೂನು ಮಾಡಿ ನಿಲ್ಲಿಸಿತ್ತು. ನಿಜವಾದ ಫಿಲಿಸ್ ಒಬ್ಬಳಿದ್ದರೆ ಅವಳ ಕೈಗೆ ಪೆನ್ನು ಬಾರದ ಹಾಗೆ ನೋಡಿಕೊಂಡು, ಅವಳ ಬಾಯಲ್ಲಿ ತಮ್ಮ ಮಾತು ಆಡಿಸಿದರು. ಅದನ್ನು ಇವತ್ತು ನಮ್ಮ ತರಗತಿಯಲ್ಲಿ ಮತ್ತೆ ಗಟ್ಟಿಯಾಗಿ ಓದಿಸಬೇಕೇ? ನನಗೆ ಹೊಟ್ಟೆ ಕಿವಿಚಿದ ಹಾಗಾಗುತ್ತದೆ.

ಸುಳ್ಳಿನ ಬಗೆ ತಿಳಿಯಬೇಕು, ಒಪ್ಪಿದೆ. ಅದಕ್ಕೆ ಎರಡು ಪುಟ ಜೆರಾಕ್ಸ್ ಮಾಡಿ ಹಂಚಿದರೆ ಸಾಕು. ಇಡೀ ಕಾದಂಬರಿ ಬೇಡ. ಸಂಶೋಧನೆ ಮಾಡುವವರು ಲೈಬ್ರರಿಯಲ್ಲಿ ಓದಲಿ, ಯಾರೂ ತಡೆಯುವುದಿಲ್ಲ.

ಇನ್ನು 'ಒಳ್ಳೆಯ ಒಡೆಯ'ನ ಪ್ರಶ್ನೆ. ಅದಕ್ಕೂ ಹೆಂಟ್ಸ್ ಬೇಕಾಗಿಲ್ಲ. ಸಾಲಮನ್ ನಾರ್ಥಪ್ ನ್ಯೂಯಾರ್ಕ್‌ನ ಸ್ವತಂತ್ರ ಕಪ್ಪು ಮನುಷ್ಯ. 1841ರಲ್ಲಿ ಕಳ್ಳರು ಅವನನ್ನು ಅಪಹರಿಸಿ ಗುಲಾಮನಾಗಿ ಮಾರಿದರು. 1853ರಲ್ಲಿ ಬಿಡುಗಡೆಯಾಗಿ ಬಂದು ಅದೇ ವರ್ಷ 'ಟ್ವೆಲ್ವ್ ಇಯರ್ಸ್ ಎ ಸ್ಲೇವ್' ಹೊರತಂದ. ಲೂಸಿಯಾನಾದಲ್ಲಿ ಅವನ ಮೊದಲ ಒಡೆಯ ವಿಲಿಯಂ ಫೋರ್ಡ್, ಧರ್ಮಬೋಧಕ. ನಾರ್ಥಪ್ ಅವನನ್ನು ಬಾಯ್ತುಂಬ ಹೊಗಳುತ್ತಾನೆ. ದಯಾವಂತ, ದೈವಭಕ್ತ ಅನ್ನುತ್ತಾನೆ. ಈಸ್ಟ್‌ಮನ್, ಹೆಂಟ್ಸ್ ವರ್ಣಿಸಿದ ಒಡೆಯ ಎಲ್ಲಾದರೂ ಇದ್ದಿದ್ದರೆ ಅವನು ಹೀಗೇ ಇರುತ್ತಿದ್ದ.

ಆ ದಯಾವಂತನಿಗೆ ಸಾಲದ ಹೊರೆ ಬಂತು. ನಾರ್ಥಪ್‌ನನ್ನು ಟಿಬೀಟ್ಸ್ ಅನ್ನುವ ಬಡಗಿಗೆ ಮಾರಿದ. ಬೆಲೆ ಫೋರ್ಡ್ ಟಿಬೀಟ್ಸ್‌ಗೆ ಕೊಡಬೇಕಿದ್ದ ಸಾಲಕ್ಕಿಂತ ಹೆಚ್ಚಾಗಿತ್ತು. ಉಳಿಕೆ 400 ಡಾಲರ್‌ಗೆ ನಾರ್ಥಪ್‌ನ ಮೇಲೇ ಅಡಮಾನ ಬರೆಸಿಕೊಂಡ. ಒಂದು ದಿನ ಟಿಬೀಟ್ಸ್ ಚಾಟಿ ಎತ್ತಿದಾಗ ನಾರ್ಥಪ್ ತಿರುಗಿಬಿದ್ದು ಅವನಿಗೇ ಬಾರಿಸಿದ. ಟಿಬೀಟ್ಸ್ ಇನ್ನಿಬ್ಬರನ್ನು ಕರೆತಂದು ನಾರ್ಥಪ್‌ನ ಕೈಕಾಲು ಕಟ್ಟಿ ಕುತ್ತಿಗೆಗೆ ಹಗ್ಗ ಹಾಕಿದ. ಆಗ ಫೋರ್ಡ್‌ನ ಮೇಸ್ತ್ರಿ ಚೇಪಿನ್ ಎರಡು ಪಿಸ್ತೂಲು ಹಿಡಿದು ಬಂದ. ಇವನ ಮೇಲೆ ಫೋರ್ಡ್‌ಗೆ 400 ಡಾಲರ್ ಅಡಮಾನ ಇದೆ, ನೇಣು ಹಾಕಿದರೆ ಅವನ ದುಡ್ಡು ಹೋಗುತ್ತದೆ, ಅದು ತೀರುವವರೆಗೆ ಇವನ ಜೀವ ತೆಗೆಯುವ ಹಕ್ಕು ನಿನಗಿಲ್ಲ ಅಂದ. ಟಿಬೀಟ್ಸ್ ಹೊರಟುಹೋದ. ಹಗ್ಗವನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಸಂಜೆ ಫೋರ್ಡ್ ಬಂದು ಕತ್ತರಿಸುವವರೆಗೂ ನಾರ್ಥಪ್ ಕುತ್ತಿಗೆಯಲ್ಲಿ ಕುಣಿಕೆ ಇಟ್ಟುಕೊಂಡು ಬಿಸಿಲಲ್ಲಿ ನಿಂತೇ ಇದ್ದ.