ಇದು ಕೂಲರಿನ ಫ್ಯಾನಲ್ಲ

ಪಾರ್ಸೆಲ್ ಬಿಚ್ಚಿದ ಕೂಡಲೇ ಹೆಂಡತಿ ಕೇಳಿದಳು: "ಕೂಲರಿಗೆ ಇಷ್ಟು ದಪ್ಪನೆಯ ಫ್ಯಾನು ಯಾಕೆ ರೀ? ಹಳೆಯದೇ ಚೆನ್ನಾಗಿ ತಿರುಗುತ್ತಿತ್ತಲ್ಲ."

ತಪ್ಪು ಅವಳದಲ್ಲ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಮೂರು ರೆಕ್ಕೆಯ ವಸ್ತುವೊಂದು ಮನೆಗೆ ಬಂದರೆ ಅದು ಕೂಲರಿಗೇ ಬಂದಿರಬೇಕು. ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಬಡಾವಣೆಯಲ್ಲಿ ಕುಳಿತು ಸ್ಪೀಡ್ ಬೋಟಿಗೆ ಪ್ರೊಪೆಲರ್ ತರಿಸಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದು ನನಗೂ ಕಷ್ಟವಾಯಿತು. "ಹೂಂ, ಕೂಲರಿಗೇ" ಎಂದುಬಿಟ್ಟೆ. ಅವಳು ಅದನ್ನು ಎತ್ತಿ ನೋಡಿ, ಸ್ಟೇನ್‌ಲೆಸ್ ಸ್ಟೀಲಿನ ಹೊಳಪಿನಲ್ಲಿ ತನ್ನ ಮುಖ ಕಂಡು, ಬೈತಲೆ ಸರಿಪಡಿಸಿಕೊಂಡು ಒಳಗೆ ಹೋದಳು.

ಇಪ್ಪತ್ತೆಂಟು ವರ್ಷಗಳ ಹಿಂದೆ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಪಾಪಕ್ಕೆ ನಾನು ನೆಂಟರ ಪಾಲಿನ ಎಂಜಿನಿಯರ್. ಓದು ಮುಗಿದ ಮೇಲೆ ಸ್ಪ್ಯಾನರ್ ಹಿಡಿದವನಲ್ಲ, ಕಡತ ಹಿಡಿದವನು. ಆದರೂ ಮಿಕ್ಸರ್ ಕೆಟ್ಟರೆ, ಬೋರ್‌ವೆಲ್ ಮೋಟಾರು ಸುಟ್ಟರೆ, ಮದುವೆ ಮನೆಯಲ್ಲಿ ಜನರೇಟರ್ ಕೈಕೊಟ್ಟರೆ ಎಲ್ಲರ ಕಣ್ಣೂ ನನ್ನ ಕಡೆಗೇ ತಿರುಗುತ್ತವೆ. ನಾನು ಗಂಭೀರವಾಗಿ ಯಂತ್ರವನ್ನು ಸುತ್ತಿ, ಎರಡು ಸಲ ತಟ್ಟಿ, "ಮೆಕ್ಯಾನಿಕ್ಕಿಗೆ ತೋರಿಸಬೇಕು" ಎಂದು ಹೇಳುತ್ತೇನೆ. ಇಷ್ಟು ವರ್ಷ ಗೌರವ ಉಳಿದದ್ದು ಹೀಗೆ.

ನನ್ನ ಷಡ್ಡಕರು ಹುಮನಾಬಾದಿನಲ್ಲಿ ತೊಗರಿಬೇಳೆ ಮಿಲ್ಲು ಇಟ್ಟವರು. 2018ರ ನವೆಂಬರಿನಲ್ಲಿ ವ್ಯಾಪಾರಕ್ಕೆಂದು ವಿಜಯವಾಡದ ಕಡೆ ಹೋದಾಗ ಅಮರಾವತಿಯಲ್ಲಿ ಕೃಷ್ಣಾ ನದಿಯ ಮೇಲೆ ನಡೆದ ಎಫ್‌ಒನ್ ಎಚ್‌ಟುಒ ಪವರ್‌ಬೋಟ್ ಸ್ಪರ್ಧೆಯನ್ನು ನೋಡಿ ಬಂದರು. ನಮ್ಮ ಯಾದಗಿರಿ ಜಿಲ್ಲೆಯನ್ನು ಸವರಿಕೊಂಡು ಹೋಗುವ ಅದೇ ಕೃಷ್ಣೆ! ಅದರ ಮೇಲೆ ಗಂಟೆಗೆ 200 ಕಿಲೋಮೀಟರಿಗೂ ಮೇಲೆ ಹಾರುವ ದೋಣಿಗಳು! ಊರಿಗೆ ಬಂದವರು ಒಂದು ವಾರ ಬೇಳೆಯ ದರದ ಮಾತನ್ನೇ ಎತ್ತಲಿಲ್ಲ. ಆಮೇಲೆ ಗೋವಾ ಕಡೆಯಿಂದ 16 ಅಡಿ ಉದ್ದದ ಹಳೆಯ ಫೈಬರ್ ಬೋಟೊಂದನ್ನು, ಅದರ ಬೆನ್ನಿಗೆ ನೇತುಬಿದ್ದ 90 ಅಶ್ವಶಕ್ತಿಯ ಎಂಜಿನ್ ಸಮೇತ, ಲಾರಿಯಲ್ಲಿ ತರಿಸಿದರು. ಅದನ್ನು ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದಲ್ಲಿ ಇಳಿಸಲು ಬೇಕಾದ ಕಾಗದಪತ್ರಗಳಿಗೆ ಒಂದು ವರ್ಷ ಓಡಾಡಿದರು. ಆ ಓಡಾಟದ ವೇಗಕ್ಕೂ ಒಂದು ಎಂಜಿನ್ ಬೇಕಿತ್ತು.

ಬೋಟಿನ ಜೊತೆ ಬಂದ ಪ್ರೊಪೆಲರಿನ ಅಂಚು ಇಲಿ ಕಡಿದಂತೆ ಅಲ್ಲಲ್ಲಿ ನೆಗ್ಗಿತ್ತು, ಬಣ್ಣ ಸುಲಿದಿತ್ತು. "ಇದನ್ನು ಇಟ್ಟುಕೊಂಡು ಓದು ತಮ್ಮಾ, ಇದಕ್ಕಿಂತ ಜೋರಾಗಿ ಓಡುವುದನ್ನು ತರಿಸು" ಎಂದು ಷಡ್ಡಕರು ಅದನ್ನು ನನ್ನ ಕೈಗೆ ಕೊಟ್ಟರು. ಕಬ್ಬಿಣದ ತುಂಡನ್ನು ಓದುವುದು ಹೇಗೆಂದು ತಿಳಿಯದೆ ಮಾಳಿಗೆಯ ಮೇಲೆ ಇಟ್ಟೆ. ಕಬ್ಬಿಣ ಎಂದೆನೇ? ಅದು ಅಲ್ಯೂಮಿನಿಯಂ. ಎಂಜಿನಿಯರಿನ ಮಟ್ಟ ಇಷ್ಟು.

ಹುಡುಕುತ್ತ ಹೋದಂತೆ ತಿಳಿದದ್ದು, ಪ್ರೊಪೆಲರಿಗೆ ಎರಡು ಸಂಖ್ಯೆಗಳಿರುತ್ತವೆ. ಒಂದು ವ್ಯಾಸ, ಇನ್ನೊಂದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಎಂದರೆ ಮರಕ್ಕೆ ಸ್ಕ್ರೂ ತಿರುಗಿಸಿದಂತೆ, ಪ್ರೊಪೆಲರ್ ಒಂದು ಸುತ್ತು ಸುತ್ತಿದರೆ ಎಷ್ಟು ಮುಂದೆ ಹೋಗಬೇಕು ಎಂಬ ಲೆಕ್ಕ. 17 ಎಂದರೆ ಸುತ್ತಿಗೆ 17 ಇಂಚು. ಆದರೆ ನೀರು ಮರವಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ಟ್ರ್ಯಾಕ್ಟರಿನ ಗಾಲಿ ಹತ್ತು ಸುತ್ತು ಸುತ್ತಿ ಎಂಟು ಸುತ್ತಿನಷ್ಟೇ ಮುಂದೆ ಹೋಗುತ್ತದಲ್ಲ, ಹಾಗೆ ಇಲ್ಲಿಯೂ ಜಾರಿಕೆ ಇದೆ. ಅದಕ್ಕೆ ಸ್ಲಿಪ್ ಎನ್ನುತ್ತಾರೆ. ಕಾಗದದ ಮೇಲೆ ಲೆಕ್ಕ ಹಾಕಿದೆ. ಎಂಜಿನ್ ನಿಮಿಷಕ್ಕೆ 5500 ಸುತ್ತು, ಗೇರಿನಲ್ಲಿ ಅದು ಅರ್ಧವಾಗಿ 2750, ಪಿಚ್ 17: ಗಂಟೆಗೆ 71 ಕಿಲೋಮೀಟರ್. ಶೇಕಡಾ 15ರಷ್ಟು ಜಾರಿಕೆ ಕಳೆದರೆ 60. ಪಿಚ್ 21 ಆದರೆ? ಗಂಟೆಗೆ 88! ಜಾರಿಕೆ ಕಳೆಯುವ ಮೊದಲೇ ಷಡ್ಡಕರಿಗೆ ಫೋನ್ ಮಾಡಿದೆ.

"ಹಾಗಾದರೆ 21ನ್ನೇ ತರಿಸು. ಸ್ಟೀಲಿನದ್ದೇ ಇರಲಿ, ಹೊಳೆಯಬೇಕು" ಎಂದರು. ಮೂವತ್ತು ಕಿಲೋ ಚೀಲಕ್ಕಿಂತ ಐವತ್ತು ಕಿಲೋ ಚೀಲ ದೊಡ್ಡದು ಎಂದು ಬದುಕಿದವರಿಗೆ 17ಕ್ಕಿಂತ 21 ದೊಡ್ಡದಲ್ಲ ಎಂದು ಹೇಳುವುದು ಹೇಗೆ? ಹೇಳಲು ನನಗೂ ಗೊತ್ತಿರಲಿಲ್ಲ ಅನ್ನಿ.

ಹೀಗೆ ಬಂದದ್ದು ಆ ಪಾರ್ಸೆಲ್. ಅದನ್ನು ಹಳೆಯ ಧೋತರದಲ್ಲಿ ಸುತ್ತಿ ಬೀದರ್ ರೈಲು ಹತ್ತಿದೆ. 2017ರಲ್ಲಿ ಈ ಮಾರ್ಗ ಶುರುವಾದ ಮೇಲೆ ಅದರಲ್ಲಿ ಕೋಳಿ, ಹಲಸು, ನವವಧು ಎಲ್ಲವೂ ಪ್ರಯಾಣ ಮಾಡಿರಬಹುದು; ಪ್ರೊಪೆಲರ್ ಮಾತ್ರ ಮೊದಲನೆಯದಿರಬೇಕು. ಮರಗುತ್ತಿಯ ಸುರಂಗ ದಾಟುವಾಗ ಧೋತರ ಸರಿದು ರೆಕ್ಕೆಯೊಂದು ಹೊರಗೆ ಇಣುಕಿತು. ಎದುರಿನ ಸೀಟಿನ ಅಜ್ಜ ಬಹಳ ಹೊತ್ತು ಅದನ್ನೇ ನೋಡಿದರು. "ಯಾವ ದೇವರದು?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಕೈಮುಗಿದರು. ಇರಲಿ, ಮುಂದೆ ಬೇಕಾಯಿತು.

ಮೊದಲ ಸವಾರಿಗೆ ಷಡ್ಡಕರು, ಅವರ ಹೆಂಡತಿ, ಮಗ, ನಾನು, ನನ್ನವಳು, ಎಲ್ಲರಿಗಿಂತ ಮುಂಚೆ ಹತ್ತಿ ಕುಳಿತ ಅತ್ತೆ. ಜೊತೆಗೆ ಒಂದು ಗಂಟು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ, ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಜಲಾಶಯದ ನಡುವೆ ಹೋಗುವಾಗ ಕುಡಿಯುವ ನೀರು ಒಯ್ಯುವುದು ನಮ್ಮ ಕಡೆಯವರ ರಕ್ತದಲ್ಲಿದೆ. ಷಡ್ಡಕರು ಹಿಡಿಕೆಯನ್ನು ಪೂರ್ತಿ ಮುಂದಕ್ಕೆ ತಳ್ಳಿದರು. ಎಂಜಿನ್ ಬಾಣಂತಿಯಂತೆ ನರಳಿತು. ಬೋಟಿನ ಮೂತಿ ಆಕಾಶಕ್ಕೆ ಎದ್ದಿತು, ಹಿಂಭಾಗ ನೀರಿನಲ್ಲಿ ಕುಕ್ಕರಿಸಿತು, ಮೊಸರಿನ ಡಬ್ಬಿ ನನ್ನ ಮಡಿಲಿಗೆ ಬಂತು. ಮುಂದೆ ಏನೂ ಕಾಣದು, ಬರೀ ಮೋಡ. ಇಂಥ ಬೋಟು ವೇಗ ಹೆಚ್ಚಿದಂತೆ ನೀರಿನಿಂದ ಮೇಲೆದ್ದು ಅದರ ಮೇಲೆ ಜಾರಿಕೊಂಡು ಹೋಗಬೇಕು. ನಮ್ಮದು ಕೆರೆಗಿಳಿದ ಎಮ್ಮೆಯಂತೆ ನೀರನ್ನು ನೂಕುತ್ತ ಸಾಗಿತು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆಂದು ತೋರಿಸುವ ಮುಳ್ಳು 4000 ದಾಟಲಿಲ್ಲ. ಆ ಎಂಜಿನ್ ಪೂರ್ತಿ ತೆರೆದಾಗ 5000ದಿಂದ 6000ದ ನಡುವೆ ಓಡಬೇಕು.

"ಅಳಿಯಂದಿರೇ, ಇದು ಹೊರಟಿದೆಯೋ ನಿಂತಿದೆಯೋ?" ಎಂದು ಅತ್ತೆ ಕೇಳಿದರು.

ಹರಿಗೋಲಿನಲ್ಲಿ ಬಲೆ ಬಿಡುತ್ತಿದ್ದ ಮೀನುಗಾರನೊಬ್ಬ ನಮ್ಮ ಅಲೆಗೆ ಒಂದು ಸುತ್ತು ತಿರುಗಿ, ಮತ್ತೆ ನಮ್ಮ ಕಡೆಗೆ ಮುಖವಾದಾಗ ಕೂಗಿ ಹೇಳಿದ: "ಸಾಹೇಬರೇ, ಗೇರು ಇಳಿಸಿರಿ!"

ನಾವೆಲ್ಲ ನಕ್ಕೆವು. ಬೋಟಿಗೆಲ್ಲಿಯ ಗೇರು? ಮುಂದೆ, ಹಿಂದೆ, ಸುಮ್ಮನೆ, ಇಷ್ಟೇ. ರಾತ್ರಿ ಮಲಗಿದಾಗ ಹೊಳೆಯಿತು, ಅವನೇ ಸರಿ. ಬೋಟಿಗೆ ಪ್ರೊಪೆಲರೇ ಗೇರು. 21 ಹಾಕಿದ್ದೆಂದರೆ ಟಾಪ್ ಗೇರಿನಲ್ಲಿ ನಿಂತಲ್ಲಿಂದ ಲಾರಿ ಎತ್ತಿದಂತೆ. ಅದೂ ತುಂಬಿದ ಲಾರಿ.

ನಾನು ತಪ್ಪನ್ನು ತಿದ್ದುವಾಗ ಅಷ್ಟೇ ದೊಡ್ಡ ಇನ್ನೊಂದು ತಪ್ಪು ಮಾಡುವವನು. ಸೀದಾ 13ಕ್ಕೆ ಇಳಿದೆ. ಈ ಸಲ ಅಲ್ಯೂಮಿನಿಯಂ. ಷಡ್ಡಕರು, ನಾನು ಇಬ್ಬರೇ. ಬೋಟು ಚಿಗರೆಯಂತೆ ಜಿಗಿದು ಕ್ಷಣದಲ್ಲಿ ನೀರಿನ ಮೇಲೆದ್ದಿತು. ಷಡ್ಡಕರ ಮೀಸೆ ಅಗಲವಾಯಿತು. ಆದರೆ ಮುಳ್ಳು 6000 ದಾಟಿ ಇನ್ನೂ ಏರಿತು, ಎಂಜಿನ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ತಡೆತಡೆದು ಬಿಕ್ಕಳಿಸಿತು. ಮೊಬೈಲಿನಲ್ಲಿ ವೇಗ ನೋಡಿದರೆ 52. ಸದ್ದು ಮಾತ್ರ ಅಮರಾವತಿಯದು. ತಿರುವಿನಲ್ಲಿ ಇನ್ನೊಂದು ಕಾಟ: ಪ್ರೊಪೆಲರ್ ಮೇಲಿನಿಂದ ಗಾಳಿ ಎಳೆದುಕೊಂಡು ನೀರಿನ ಹಿಡಿತ ಬಿಟ್ಟು ಗಿರ್ರೆಂದು ಸುತ್ತಿತು, ಬೋಟು ಅಲ್ಲೇ ಕುಸಿಯಿತು. ಇದನ್ನು ಕ್ಯಾವಿಟೇಶನ್ ಎಂದು ಷಡ್ಡಕರಿಗೆ ವಿವರಿಸಿದೆ. ಅದೂ ತಪ್ಪೇ. ಕ್ಯಾವಿಟೇಶನ್ ಎಂದರೆ ರೆಕ್ಕೆಯ ಬೆನ್ನಿನಲ್ಲಿ ಒತ್ತಡ ಇಳಿದು ನೀರು ತಣ್ಣಗಿದ್ದಾಗಲೇ ಕುದಿಯುವುದು. ಆ ಗುಳ್ಳೆಗಳು ಒಡೆದೊಡೆದು ಲೋಹವನ್ನೇ ತಿನ್ನುತ್ತವೆ. ಮೇ ತಿಂಗಳಲ್ಲಿ ಕಲಬುರಗಿಯ ಟ್ಯಾಂಕಿನ ನೀರಿನಲ್ಲಿ ಸ್ನಾನ ಮಾಡಿದವನಿಗೆ ನೀರು ತಾನಾಗಿ ಕುದಿಯುತ್ತದೆ ಎಂಬುದು ಅಂಥ ದೊಡ್ಡ ಸುದ್ದಿಯೇನೂ ಅನ್ನಿಸಲಿಲ್ಲ.

ವಿವರಣೆ ಮುಗಿಯುವಷ್ಟರಲ್ಲಿ ಧಡ್ ಎಂದಿತು. ನೀರು ಇಳಿದ ಜಲಾಶಯದಲ್ಲಿ ಮುಳುಗಿದ್ದ ಜಾಲಿಯ ಬೊಡ್ಡೆ. ಒಂದು ರೆಕ್ಕೆ ಹಪ್ಪಳದಂತೆ ಮಡಚಿತ್ತು. ಅದೇ ಸ್ಟೀಲಿನದಾಗಿದ್ದರೆ ತಾನು ಬಾಗದೆ ಪೆಟ್ಟನ್ನು ಒಳಗಿನ ಗೇರಿಗೆ ದಾಟಿಸುವ ಸಂಭವವೇ ಹೆಚ್ಚಿತ್ತು. ಪ್ರೊಪೆಲರಿನ ನಡುವೆ ಕೂರಿಸಿದ ರಬ್ಬರು ಸ್ವಲ್ಪ ಪೆಟ್ಟು ತಿನ್ನುತ್ತದೆ ನಿಜ, ಎಲ್ಲವನ್ನೂ ಅಲ್ಲ. ಹೊಳಪಿಲ್ಲದ ವಸ್ತುವಿನ ಮೇಲೆ ಷಡ್ಡಕರಿಗೆ ಮೊದಲ ಬಾರಿ ಪ್ರೀತಿ ಹುಟ್ಟಿತು. ಹುಟ್ಟು ಹಾಕಿಕೊಂಡು ದಡ ಸೇರಿದೆವು. ಹುಟ್ಟಿಗೆ ಪಿಚ್ ಇಲ್ಲ.

ಬಾಗಿದ ರೆಕ್ಕೆಯನ್ನು ಕಲಬುರಗಿಯಲ್ಲಿ ನಮ್ಮ ಕೂಲರ್ ರಿಪೇರಿಯ ಉಸ್ತಾದರ ಬಳಿ ಒಯ್ದೆ. ಅವರು ಕೂಲರಿಗೇ ಎಂದು ಎತ್ತಿಕೊಂಡವರು ತೂಕ ನೋಡಿ ನನ್ನ ಮುಖ ನೋಡಿದರು. ಎಲ್ಲ ಹೇಳಿದೆ. ಉಸ್ತಾದ್ ಬೀಡಿ ಹಚ್ಚಿ, ಸರಿಯಿದ್ದ ರೆಕ್ಕೆಯ ಮೇಲೆ ಹೆಬ್ಬೆರಳನ್ನು ಬುಡದಿಂದ ತುದಿಗೆ ಎಳೆದು, ಬಾಗಿದ ರೆಕ್ಕೆಯ ಮೇಲೂ ಹಾಗೆಯೇ ಎಳೆದು, ಕಣ್ಣುಮುಚ್ಚಿ ಎರಡರ ವ್ಯತ್ಯಾಸವನ್ನು ಬೆರಳಿನಲ್ಲಿಯೇ ಇಟ್ಟುಕೊಂಡರು. ಆಮೇಲೆ ಮರದ ಸುತ್ತಿಗೆ, ಮರಳಿನ ಚೀಲ. ಬಡಿಯುತ್ತಲೇ ಹೇಳಿದರು:

"ಕೂಲರಿನದೂ ಇದೇ ಕಥೆ ಸಾರ್. ಗಾಳಿ ಸಾಲದು ಎಂದು ಜನ ರೆಕ್ಕೆಯನ್ನು ಜಾಸ್ತಿ ತಿರುಚಿಸುತ್ತಾರೆ. ಮೋಟಾರಿಗೆ ಸುತ್ತಲು ಆಗುವುದಿಲ್ಲ, ಬಿಸಿಯಾಗಿ ವೈಂಡಿಂಗ್ ಸುಡುತ್ತದೆ. ಕಡಿಮೆ ತಿರುಚಿದರೆ ಬರೀ ಸದ್ದು, ಗಾಳಿ ಇಲ್ಲ. ನಿಮ್ಮ ಬೋಟಿನಲ್ಲಿ ಸವಾರಿ ಎಷ್ಟು ಜನ?"

ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನನ್ನ 71, 88ರ ಲೆಕ್ಕದಲ್ಲಿ ಅತ್ತೆ ಇರಲಿಲ್ಲ, ನೀರಿನ ಕ್ಯಾನೂ ಇರಲಿಲ್ಲ.

ನನ್ನ ವಿದ್ಯೆಯನ್ನೂ ತೋರಿಸಬೇಕಲ್ಲ. 1837ರಲ್ಲಿ ಲಂಡನ್ನಿನ ಕಾಲುವೆಯಲ್ಲಿ ಫ್ರಾನ್ಸಿಸ್ ಸ್ಮಿತ್ ಎಂಬಾತ ಮರದ ತಿರುಪಿನ ಪ್ರೊಪೆಲರ್ ಹಚ್ಚಿ ದೋಣಿ ಬಿಟ್ಟಾಗ ಅದು ಏನಕ್ಕೋ ಬಡಿದು ಅರ್ಧ ಮುರಿಯಿತು, ದೋಣಿ ಮೊದಲಿಗಿಂತ ಜೋರಾಗಿ ಓಡಿತು ಎಂದು ಹೇಳಿದೆ. ಉಸ್ತಾದ್ ಸುತ್ತಿಗೆ ನಿಲ್ಲಿಸಿ, "ಹಾಗಾದರೆ ಇದನ್ನೂ ಮುರಿಯಲೇ?" ಎಂದು ಕೇಳಿದರು.

ಆಮೇಲಿನದು ಸರಳ. ಪಿಚ್ ಒಂದು ಇಂಚು ಏರಿದರೆ ಎಂಜಿನ್ ಸುಮಾರು 200 ಸುತ್ತು ಇಳಿಯುತ್ತದೆ ಎಂಬುದು ಬೋಟಿನವರ ರೂಢಿಯ ಲೆಕ್ಕ. 13ಕ್ಕೆ 6300ರ ಹತ್ತಿರ ಏರಲು ಹೊರಟದ್ದು 17ಕ್ಕೆ 5500ಕ್ಕೆ ಬರಬೇಕು. ಮೂರು ರೆಕ್ಕೆಯೋ ನಾಲ್ಕೋ ಎಂದು ಎರಡು ದಿನ ಚರ್ಚೆಯಾಯಿತು: ನಾಲ್ಕು ರೆಕ್ಕೆ ನೀರನ್ನು ಬಿಗಿಯಾಗಿ ಹಿಡಿದು ಹಿಂಭಾಗವನ್ನು ಎತ್ತುತ್ತದೆ, ಮೂರು ಕೊನೆಯ ವೇಗದಲ್ಲಿ ಸ್ವಲ್ಪ ಮುಂದು. ಷಡ್ಡಕರಿಗೆ ಸ್ಪರ್ಧೆಯ ಬೋಟುಗಳಲ್ಲಿರುವಂಥದ್ದೇ ಬೇಕಿತ್ತು. ಅವು ಅರ್ಧ ನೀರಿನ ಹೊರಗೇ ಸುತ್ತುವ ಕತ್ತಿಯಂಥ ರೆಕ್ಕೆಗಳು, ನಮ್ಮ ಮೊಸರಿನ ಡಬ್ಬಿಗೆ ಹೇಳಿಸಿದ್ದಲ್ಲ ಎಂದು ಒಪ್ಪಿಸಿದೆ. ಕೊನೆಗೆ ಮೂರು ರೆಕ್ಕೆಯ 17. ಹಿಂದಿನ ಅಂಚು ಕಟಕ ರೊಟ್ಟಿಯ ಅಂಚು ಒಣಗಿ ಮೇಲೆದ್ದಂತೆ ತುಸು ಸುರುಳಿಯಾಗಿದೆ. ಆ ಸಣ್ಣ ಸುರುಳಿಯೇ ಜಾರಿಕೆ ತಗ್ಗಿಸುತ್ತದೆ. ಇಬ್ಬರೇ ಹೋದಾಗ 60 ಬಂತು. ಅತ್ತೆ ಸಮೇತ ಆರು ಜನ ಹೋದಾಗ ಮುಳ್ಳು 5100ರಲ್ಲಿ ನಿಂತಿತು, ಮೂತಿ ಕೆಳಗಿಳಿಯಿತು. ಅತ್ತೆ ಸೆರಗು ಬಿಗಿದುಕೊಂಡು, "ಈಗ ಹೊರಟಿತು" ಎಂದರು.

ಹೋದ ವಾರ ಮಾಳಿಗೆಯಿಂದ ಕೂಲರ್ ಇಳಿಸುವಾಗ ಅದರ ತಾಡಪತ್ರಿ ಹಾರದಂತೆ ಮೇಲೆ ಭಾರಕ್ಕಿಟ್ಟಿದ್ದ ವಸ್ತುವನ್ನು ಹೆಂಡತಿ ಎತ್ತಿ ತಂದಳು. ಷಡ್ಡಕರು ಓದಲು ಕೊಟ್ಟಿದ್ದ ಹಳೆಯ ಪ್ರೊಪೆಲರ್. ಒಂದು ವರ್ಷದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ನಡುವಿನ ಗುಂಬದ ಮೇಲೆ ಬೆರಳಿಟ್ಟು ಕಣ್ಣು ಕಿರಿದು ಮಾಡಿದಳು.

"ಏನು ರೀ, ಇದರ ಮೇಲೂ 17 ಎಂದೇ ಬರೆದಿದೆಯಲ್ಲ?"

ನಾನು ಎದ್ದು ಹೋಗಿ ಕೂಲರನ್ನು ಪೂರ್ತಿ ಜೋರಿಗೆ ತಿರುಗಿಸಿದೆ. ಅದರ ಸದ್ದಿನಲ್ಲಿ ಅವಳು ಮುಂದೆ ಏನು ಹೇಳಿದಳೋ ಕೇಳಿಸಲಿಲ್ಲ.