ಸತ್ಯಾಂಶ: ಮೊಟ್ಟೆಯ ಆಕಾರ ನೋಡಿ ಹುಂಜವೋ ಹೇಂಟೆಯೋ ಹೇಳಲಾಗದು

ನಾಟಿಕೋಳಿ ತಳಿಯ ಹಿಂಡನ್ನು ಜಮೀನಿನಲ್ಲಿ ಬಿಟ್ಟು ಸಾಕುವವರಿಗೆ ಪದೇ ಪದೇ ಬರುವ ಸಂದೇಶವಿದು: ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ. ಇದು ತಪ್ಪು. ಮರಿಯ ಲಿಂಗ ತಾಯಿಯ ವರ್ಣತಂತುವಿನಿಂದ, ಚಿಪ್ಪು ಮೂಡುವ ಮೊದಲೇ ನಿರ್ಧಾರವಾಗಿರುತ್ತದೆ. ಆಕಾರ ಬರುವುದು ಆಮೇಲೆ, ಅಂಡನಾಳದಲ್ಲಿ. ಒಂದು ಹೇಂಟೆ ಸಾಮಾನ್ಯವಾಗಿ ಒಂದೇ ಬಗೆಯ ಮೊಟ್ಟೆ ಇಟ್ಟರೂ ಮರಿಗಳಲ್ಲಿ ಹುಂಜ, ಹೇಂಟೆ ಎರಡೂ ಇರುತ್ತವೆ.

ನೀವೇ ಪರೀಕ್ಷಿಸಿ. ಚೂಪು ಮೊಟ್ಟೆ ಒಂದು ಕಾವುಕೋಳಿಗೆ, ದುಂಡು ಮೊಟ್ಟೆ ಇನ್ನೊಂದಕ್ಕೆ ಇಡಿ. ಸುಮಾರು 21 ದಿನಕ್ಕೆ ಒಡೆದ ಮರಿಗಳ ಕಾಲಿಗೆ ಬೇರೆ ಬೇರೆ ಬಣ್ಣದ ಉಂಗುರ ಹಾಕಿ. ಕಾಲು ದಪ್ಪವಾದಂತೆ ಬದಲಿಸದಿದ್ದರೆ ಚರ್ಮ ಕೊಯ್ಯುತ್ತದೆ. ಮೂರು ತಿಂಗಳ ಹೊತ್ತಿಗೆ ಜುಟ್ಟು ಕೆಂಪೇರಿ, ಸೊಂಟದ ಗರಿ ಚೂಪಾದದ್ದು ಹುಂಜ. ಹತ್ತು ಮರಿಗಳಲ್ಲಿ ಏಳು ಹುಂಜ ಬರುವುದು ಬರೀ ಆಕಸ್ಮಿಕವಿರಬಹುದು, ಹಾಗಾಗಿ ನಾಲ್ಕೈದು ಕಾವಿನ ಲೆಕ್ಕ ಬರೆದಿಡಿ.