‘ಬೆಸ್ಟ್ ಬಿಫೋರ್’ ದಾಟಿದರೆ ಬಿಸಾಡಬೇಡಿ, ‘ಯೂಸ್ ಬೈ’ ದಾಟಿದರೆ ತಿನ್ನಬೇಡಿ

ಇಂಗ್ಲೆಂಡಿನಲ್ಲಿರುವ ನಮ್ಮವರ ಮನೆಗಳಲ್ಲಿ ತಾರೀಖು ದಾಟಿತು ಅಂತ ಒಳ್ಳೆಯ ರಾಗಿಹಿಟ್ಟು, ತೊಗರಿಬೇಳೆ, ಅವಲಕ್ಕಿ ಕಸಕ್ಕೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಊರಲ್ಲಿ ನಮಗೆ ಎಲ್ಲವೂ ‘ಎಕ್ಸ್‌ಪೈರಿ ಡೇಟ್’. ಭಾರತದ 2020ರ ಲೇಬಲ್ ನಿಯಮದಲ್ಲೂ ಎಕ್ಸ್‌ಪೈರಿ ಅಥವಾ ಯೂಸ್ ಬೈ ತಾರೀಖು ಕಡ್ಡಾಯ, ಬೆಸ್ಟ್ ಬಿಫೋರ್ ಬೇಕಿದ್ದರೆ ಹಾಕಬಹುದು ಅಷ್ಟೇ. ಇಲ್ಲಿ ಹಾಗಲ್ಲ, ಪ್ಯಾಕೆಟ್ಟಿನ ಮೇಲೆ ಬೆಸ್ಟ್ ಬಿಫೋರ್ ಇಲ್ಲವೇ ಯೂಸ್ ಬೈ ಇರುತ್ತದೆ. ಯಾವ ಪದಾರ್ಥಕ್ಕೆ ಯಾವುದು ಅನ್ನುವುದರಲ್ಲೇ ಎಲ್ಲಾ ಇದೆ.

ಬೆಸ್ಟ್ ಬಿಫೋರ್ ಅಂದರೆ ರುಚಿಯ ವಿಚಾರ. ಆ ದಿನ ಕಳೆದರೆ ಬಿಸ್ಕತ್ತು ಮೆತ್ತಗಾಗಬಹುದು, ಕಾಫಿಪುಡಿಯ ಘಮ ಇಳಿಯಬಹುದು. ಅಂಗಡಿಯವರು ಅದನ್ನು ಆಮೇಲೂ ಮಾರಬಹುದು. ಯೂಸ್ ಬೈ ದಾಟಿದ್ದನ್ನು ಮಾರಿದರೆ ಅಪರಾಧ, ಯಾಕಂದ್ರೆ ಅದು ಆರೋಗ್ಯದ ವಿಚಾರ. ಹಸಿ ಕೋಳಿ, ಮೀನು, ಹೆಚ್ಚಿ ಪ್ಯಾಕ್ ಮಾಡಿದ ಸಲಾಡ್, ಇಂಥ ಬೇಗ ಕೆಡುವ ಪದಾರ್ಥಗಳ ಮೇಲೆ ಅದು ಇರುತ್ತದೆ.

ಹಿಟ್ಟು ಮುಗ್ಗಲು ಹಿಡಿದಿದೆಯಾ, ಹುಳು ಬಿದ್ದಿದೆಯಾ ಅಂತ ನೋಡಿ, ಮೂಸಿ, ಜರಡಿ ಹಿಡಿದು ಬಳಸುವ ನಮ್ಮ ಮನೆಯ ಪದ್ಧತಿ ಬೆಸ್ಟ್ ಬಿಫೋರ್‌ಗೆ ಸರಿಯಾಗಿ ಹೊಂದುತ್ತದೆ. 2022ರಲ್ಲಿ ಇಲ್ಲಿನ ಮಾರಿಸನ್ಸ್ ಅಂಗಡಿಗಳು ತಮ್ಮದೇ ಬ್ರ್ಯಾಂಡಿನ ಹಾಲಿನಲ್ಲಿ ಶೇ. 90ರಷ್ಟಕ್ಕೆ ಯೂಸ್ ಬೈ ತೆಗೆದು ಬೆಸ್ಟ್ ಬಿಫೋರ್ ಹಾಕಿದವು, ಮೂಸಿ ನೋಡಿ ಬಳಸಿ ಅಂತ ಗಿರಾಕಿಗಳಿಗೆ ಹೇಳಿದವು. ನನಗೆ ಅದು ತುಂಬಾ ಹಿಡಿಸಿತು. ಹಾಲು ಚೆಲ್ಲುವುದು ತಪ್ಪಬೇಕು ಅಂದರೆ ಇದೇ ದಾರಿ.

ಆದರೆ ಅದೇ ಮೂಗನ್ನು ನಂಬಿ ಯೂಸ್ ಬೈ ದಾಟಿದ ಕೋಳಿಯನ್ನು ‘ಚೆನ್ನಾಗಿ ಕುದಿಸಿದ್ರೆ ಆಯ್ತು ಬಿಡಿ’ ಅನ್ನುವವರೂ ನಮ್ಮಲ್ಲಿ ಇದ್ದಾರೆ. ದಯವಿಟ್ಟು ಬೇಡ. ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಅಂತೂ ಫ್ರಿಜ್‌ನ ಚಳಿಯಲ್ಲೂ ಬೆಳೆಯುತ್ತದೆ, ವಾಸನೆ ಬದಲಾಗುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಬಿಸಿ ಮಾಡದೆ ಹಾಗೇ ತಿನ್ನುವ ಸ್ಯಾಂಡ್‌ವಿಚ್, ಹೊಗೆ ಹಾಕಿದ ಮೀನಿನಲ್ಲಿ ಅದು ಸೇರಿಕೊಂಡಿದ್ದರೆ ಯಾವ ಮೂಗಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಬಸುರಿಯರಿದ್ದರೆ, ವಯಸ್ಸಾದವರಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಬಸುರಿಗೆ ಲಿಸ್ಟೀರಿಯಾ ತಗುಲಿದರೆ ಗರ್ಭಪಾತ ಆಗಬಹುದು.

ಯೂಸ್ ಬೈ ಹತ್ತಿರ ಬಂತು, ಅಡುಗೆ ಮಾಡಲು ಆಗಲ್ಲ ಅಂದರೆ ಆ ತಾರೀಖು ಮುಗಿಯುವ ಮೊದಲೇ ಫ್ರೀಜರ್‌ಗೆ ಹಾಕಿ. ಕರಗಿಸಿದ ಮೇಲೆ 24 ಗಂಟೆಯೊಳಗೆ ಬಳಸಿ. ಫ್ರಿಜ್ 5 ಡಿಗ್ರಿಗಿಂತ ಮೇಲೆ ಇರಬಾರದು. ಮತ್ತೆ ಆ ರಾಗಿಹಿಟ್ಟು? ಮೂಸಿ ನೋಡಿ, ಚೆನ್ನಾಗಿದ್ದರೆ ಮುದ್ದೆ ಮಾಡಿ.